ಲ್ಯಾಬ್‌ನಲ್ಲಿ ಬೆಳೆಸಿದ ಕೋಶ ಹಾಕಿ ಲಿವರ್ ಫೇಲ್ ಆದವರನ್ನು ಉಳಿಸಬಹುದಾ?

ಅಥಣಿಯ ನಿಮ್ಮ ಸೋದರಮಾವನಿಗೆ ಲಿವರ್ ಫೇಲ್ ಆಗಿದೆ, ಲ್ಯಾಬ್‌ನಲ್ಲಿ ಕೋಶ ಬೆಳೆಸಿ ಹಾಕೋಕೆ ಆಗಲ್ವಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಅದು ಆಸ್ಪತ್ರೆಗಳಲ್ಲಿ ಮಾಮೂಲಾಗಿ ಸಿಗುವ ಚಿಕಿತ್ಸೆ ಅಲ್ಲ. ನಾನು ಇಲ್ಲೇ ಬೆಳಗಾವಿಯಲ್ಲಿ ಎರಡು ವರ್ಷ ಇಲಿಯ ಲಿವರ್ ಕೋಶಗಳ ಜೊತೆ ಕೆಲಸ ಮಾಡಿದ್ದೇನೆ, ತೊಡಕು ಎಲ್ಲಿದೆ ಅಂತ ಹೇಳುತ್ತೇನೆ.

ಲಿವರ್ ಒಳಗೆ ಕೊಲಾಜಿನೇಸ್ ಅನ್ನೋ ಕಿಣ್ವ ಹಾಯಿಸಿ ಕೋಶ ಬಿಡಿಸುತ್ತೇವೆ. ಮರುದಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಷ್ಟು ಚಂದ! ಐದಾರು ಮೂಲೆಯ ಕೋಶಗಳು, ಕೆಲವಕ್ಕೆ ಎರಡೆರಡು ನ್ಯೂಕ್ಲಿಯಸ್, ಒಂದಕ್ಕೊಂದು ತಾಗಿದ ಕಡೆ ಹೊಳೆಯುವ ಸಣ್ಣ ಗೆರೆ, ಪಿತ್ತ ಹರಿಯುವ ದಾರಿ ಅದು. ಬರೀ ಪ್ಲಾಸ್ಟಿಕ್ ತಟ್ಟೆಯಲ್ಲಿ ಬಿಟ್ಟರೆ ಕೆಲವೇ ದಿನಕ್ಕೆ ಚಪ್ಪಟೆಯಾಗಿ ಹರಡುತ್ತವೆ, ಗೆರೆ ಮಾಯ. ಸತ್ತಿರಲ್ಲ. ಆದರೆ ಅಲ್ಬುಮಿನ್ ಅನ್ನೋ ರಕ್ತದ ಪ್ರೋಟೀನ್ ಮಾಡೋದು, ವಿಷವಾದ ಅಮೋನಿಯಾವನ್ನು ಯೂರಿಯಾ ಮಾಡೋದು, ಔಷಧಿ ಅರಗಿಸೋದು ಎಲ್ಲ ಇಳಿಯುತ್ತಾ ಹೋಗುತ್ತದೆ. ಸುಮ್ನೆ ಜೀವ ಹಿಡಿದುಕೊಂಡಿದ್ದರೆ ಸಾಲದು ಅಲ್ವಾ?

ಇದಕ್ಕೆ ದಾರಿ ಇವೆ. ಕೋಶಗಳ ಕೆಳಗೂ ಮೇಲೂ ಕೊಲಾಜನ್ (ಅಂಗಾಂಶಗಳನ್ನು ಹಿಡಿದಿಡುವ ಪ್ರೋಟೀನ್) ಜೆಲ್ ಪದರ ಹಾಕಿದರೆ ವಾರಗಟ್ಟಲೆ ಕೆಲಸ ಮಾಡುತ್ತವೆ, 1989ರಲ್ಲೇ ಇದನ್ನು ತೋರಿಸಿದ್ದಾರೆ. ಜೆಲ್ ತಣ್ಣಗಿದ್ದಾಗ ನೀರಿನ ಹಾಗೆ, 37 ಡಿಗ್ರಿಗೆ ಗಟ್ಟಿ. ಸುರಿಯುವಾಗ ಕೈ ಸ್ವಲ್ಪ ತಡವಾದರೂ ಇಡೀ ತಟ್ಟೆ ಹಾಳು. ಬೇರೆ ಬಗೆಯ ಕೋಶಗಳ ಜೊತೆ ಬೆಳೆಸಿದರೂ, ಸಣ್ಣ ಉಂಡೆ ಕಟ್ಟಿಸಿದರೂ ಜಾಸ್ತಿ ದಿನ ಉಳಿಯುತ್ತವೆ.

ದೊಡ್ಡ ತೊಡಕು ಲೆಕ್ಕದ್ದು. ಒಬ್ಬ ಮನುಷ್ಯನಿಗೆ ಸಾವಿರಾರು ಕೋಟಿ ಕೋಶ ಬೇಕು, ದೇಹದಲ್ಲಿ ಕತ್ತರಿಸಿದರೂ ಮತ್ತೆ ಬೆಳೆಯುವ ಲಿವರ್‌ನ ಕೋಶಗಳು ತಟ್ಟೆಯಲ್ಲಿ ಹೆಚ್ಚೋದೇ ಇಲ್ಲ ಅನ್ನುವಷ್ಟು ಕಡಿಮೆ. ಹಂದಿಯ ಸುಮಾರು 700 ಕೋಟಿ ಕೋಶ ತುಂಬಿದ ಯಂತ್ರದಲ್ಲಿ ರೋಗಿಯ ಪ್ಲಾಸ್ಮಾ (ರಕ್ತದ ದ್ರವ ಭಾಗ) ಹಾಯಿಸಿ 171 ಜನರ ಮೇಲೆ ಪರೀಕ್ಷೆ ಮಾಡಿದ್ದರು, 2004ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ಬದುಕುಳಿದವರ ಲೆಕ್ಕದಲ್ಲಿ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಈಗ ಆಸೆ ಇರೋದು ಬೇರೆ ಬೇರೆ ಬಗೆಯ ಕೋಶ ಆಗಬಲ್ಲ ಸ್ಟೆಮ್ ಸೆಲ್‌ನಿಂದ ಮಾಡುವ ಕೋಶಗಳ ಮೇಲೆ, ಆದರೆ ಅವೂ ಬಲಿತ ಲಿವರ್ ಕೋಶದಷ್ಟು ಕೆಲಸ ಇನ್ನೂ ಮಾಡಲ್ಲ.

ಹಾಗಾಗಿ ಇದಕ್ಕೆ ಕಾಯಬೇಡಿ. ಮಾವನಿಗೆ ಲಿವರ್ ಕಸಿ (ಬೇರೆಯವರ ಲಿವರ್ ಜೋಡಿಸೋದು) ಆಗುತ್ತದಾ ಅಂತ ಇವತ್ತೇ ಡಾಕ್ಟರನ್ನು ಕೇಳಿ. ಆಗುತ್ತದೆ ಅಂದರೆ ಕಸಿ ಮಾಡುವ ಆಸ್ಪತ್ರೆಯ ಮೂಲಕ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ, ಮನೆಯವರು ಯಾರಾದರೂ ಲಿವರ್‌ನ ಒಂದು ಭಾಗ ಕೊಡಬಹುದಾ ಅಂತಾನೂ ಪರೀಕ್ಷೆ ಮಾಡಿಸಿ.