ಪಾಸ್ ಆಗಬೇಕಾದದ್ದು ಬಣ್ಣ ಅಲ್ಲ, ಜೋಡಿ

ಪ್ರಶ್ನೆ: ಇಳಕಲ್ ಸೀರೆ ಮಾರುವ ಆ್ಯಪ್ ನಮ್ಮದು. ಪ್ರತಿ ರಿಲೀಸ್‌ಗೂ ಮುಂಚೆ ಕಾಂಟ್ರಾಸ್ಟ್ ಚೆಕ್ಕರ್ (ಅಕ್ಷರ ಹಿನ್ನೆಲೆಯಿಂದ ಎದ್ದು ಕಾಣುತ್ತದೆಯೇ ಅಂತ ಅಳೆಯುವ ಟೂಲ್) ಹಾಕಿ ತಪ್ಪು ತಿದ್ದುತ್ತೇವೆ. ಮುಂದಿನ ರಿಲೀಸ್‌ಗೆ ಮತ್ತೆ ಅವೇ ತಪ್ಪುಗಳು. ಬ್ರ್ಯಾಂಡ್ ಬಣ್ಣ ಕಿತ್ತಳೆ, ಬದಲಾಯಿಸುವ ಹಾಗಿಲ್ಲ. ಏನು ಮಾಡೋಣ ಸರ್? (ಬಾಗಲಕೋಟೆಯಿಂದ)

ಉತ್ತರ: ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಎಣಿಸೋದು ಬಿಟ್ಟಿದ್ದೇನೆ. ಕೊನೆಗೆ ಚೆಕ್ಕರ್ ಹಾಕೋದು ಪೋಸ್ಟ್‌ಮಾರ್ಟಂ ಇದ್ದ ಹಾಗೆ. ಸತ್ತದ್ದು ಯಾಕೆ ಅಂತ ಗೊತ್ತಾಗುತ್ತದೆ, ಅಷ್ಟೇ.

ನಿಮ್ಮ ನೇಕಾರರನ್ನೇ ನೋಡಿ. ಸೀರೆ ಮೈಯ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಮಗ್ಗದ ಮೇಲೇ ಕೊಂಡಿ ಹಾಕಿ ಜೋಡಿಸುತ್ತಾರೆ. ಸೀರೆ ನೇಯ್ದ ಮೇಲೆ ಸೆರಗು ಹುಡುಕಿಕೊಂಡು ಹೋಗೋದಿಲ್ಲ. ನೀವು ಮಾಡ್ತಿರೋದು ಅದನ್ನೇ.

ಒಂಟಿ ಬಣ್ಣಕ್ಕೆ ಕಾಂಟ್ರಾಸ್ಟ್ ಅನ್ನೋದೇ ಇಲ್ಲ. ಅದು ಎರಡು ಬಣ್ಣಗಳ ಹೊಳಪಿನ ಅನುಪಾತ. ನಿಮ್ಮ ಕಿತ್ತಳೆ ಎಂಥದ್ದು ಅಂತ ಬರೆದಿಲ್ಲ. ವೆಬ್ ಪುಟಕ್ಕೆ ರೂಪ ಕೊಡುವ ಭಾಷೆ ಸಿಎಸ್‌ಎಸ್‌ನಲ್ಲಿ ‘ಆರೆಂಜ್’ ಅಂದರೆ ಬರುವ ಬಣ್ಣವನ್ನೇ ತಗೊಳ್ಳಿ. ಅದರ ಮೇಲೆ ಬಿಳಿ ಅಕ್ಷರ ಇಟ್ಟರೆ 1.97. ಕಪ್ಪು ಅಕ್ಷರ ಇಟ್ಟರೆ 10.6. ವೆಬ್ ಎಲ್ಲರಿಗೂ ಬಳಸಲು ಬರಬೇಕು ಅನ್ನುವ ನಿಯಮಾವಳಿ ಡಬ್ಲ್ಯುಸಿಎಜಿ ಪ್ರಕಾರ ಬೇಕಾದದ್ದು 4.5. ಬ್ರ್ಯಾಂಡ್ ಬಣ್ಣ ಹಾಗೇ ಇರಲಿ, ಬದಲಾಗಬೇಕಾದದ್ದು ಅಕ್ಷರ. ‘ಬಿಳಿ ಅಕ್ಷರ ರಿಚ್ ಆಗಿ ಕಾಣ್ತದ್ರಿ’ ಅಂತ ಮಾರ್ಕೆಟಿಂಗ್‌ನವರು ಹೇಳೇ ಹೇಳ್ತಾರೆ. ಹೇಳಲಿ.

ಹಾಗಾಗಿ ‘ಕಿತ್ತಳೆ 500’ ಅನ್ನುವ ಹೆಸರು ಸ್ಕ್ರೀನ್ ಮಾಡುವವರ ಕೈಗೆ ಸಿಗಲೇಬಾರದು. ಅವರಿಗೆ ಸಿಗಬೇಕಾದ ಟೋಕನ್ (ಬಣ್ಣಕ್ಕೆ ಅದರ ಕೆಲಸ ನೋಡಿ ಇಟ್ಟ ಹೆಸರು) ಎರಡು: ‘ಬಟನ್ ಹಿನ್ನೆಲೆ’, ‘ಬಟನ್ ಹಿನ್ನೆಲೆ ಮೇಲಿನ ಅಕ್ಷರ’. ಒಂದನ್ನು ತಗೊಂಡರೆ ಇನ್ನೊಂದು ಜೊತೆಗೇ ಬರಬೇಕು. ಇಂಥ ಜೋಡಿಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದು, ಪ್ರತಿಯೊಂದರ ಮುಂದೆ ಕನಿಷ್ಠ ಸಂಖ್ಯೆ ಹಾಕಿ. ಮಾಮೂಲಿ ಅಕ್ಷರಕ್ಕೆ 4.5. 24 ಪಿಕ್ಸೆಲ್ ಅಥವಾ ಅದಕ್ಕಿಂತ ದೊಡ್ಡದಕ್ಕೆ 3. ಐಕಾನ್, ಇನ್‌ಪುಟ್ ಬಾಕ್ಸಿನ ಗೆರೆ, ಇವಕ್ಕೂ 3. ಬಾಕ್ಸಿನ ಗೆರೆಯನ್ನು ಎಲ್ಲರೂ ಮರೀತಾರೆ. ಯಾರಾದರೂ ಟೋಕನ್ ಮುಟ್ಟಿದರೆ ಸಾಕು, ಟೆಸ್ಟ್ ಇಡೀ ಪಟ್ಟಿಯನ್ನು ಲೆಕ್ಕ ಹಾಕಬೇಕು: ಲೈಟ್, ಡಾರ್ಕ್, ಹೋವರ್ (ಮೌಸ್ ಮೇಲೆ ಬಂದಾಗಿನ ಬಣ್ಣ), ಒತ್ತಿದಾಗಿನ ಬಣ್ಣ, ಎಲ್ಲವನ್ನೂ. ಒಂದು ಜೋಡಿ ಬಿದ್ದರೂ ಕೋಡ್ ಮರ್ಜ್ ಆಗಬಾರದು, ಅಂದರೆ ಮೂಲ ಕೋಡಿಗೆ ಸೇರಬಾರದು. ಬರೀ ಎಚ್ಚರಿಕೆ ತೋರಿಸುವ ಟೆಸ್ಟ್ ಇಡಬೇಡಿ. ಹಳದಿ ಎಚ್ಚರಿಕೆಯನ್ನು ಯಾರೂ ಓದಿದ್ದು ನಾನು ನೋಡಿಲ್ಲ.

ಅಕ್ಷರಕ್ಕೆ ಒಪಾಸಿಟಿ ಹಾಕೋದನ್ನು (ಹಿನ್ನೆಲೆ ಇಣುಕುವ ಹಾಗೆ ಅರೆಪಾರದರ್ಶಕ ಮಾಡೋದನ್ನು) ಪೂರ್ತಿ ನಿಷೇಧ ಮಾಡಿ. ಶೇ 60ರ ಕಪ್ಪು ಬಿಳಿ ಮೇಲೆ 5.7 ಕೊಡುತ್ತದೆ. ಅದೇ ಕಿತ್ತಳೆ ಮೇಲೆ 4.5ರ ಅಂಚಿಗೆ ಬಂದು ನಿಲ್ಲುತ್ತದೆ. ಹಿನ್ನೆಲೆ ಇನ್ನೊಂಚೂರು ಗಾಢ ಆಯ್ತೋ, ಬಿತ್ತು. ಸೀರೆ ಫೋಟೋ ಮೇಲೆ ನೇರವಾಗಿ ಬೆಲೆ ಬರೆಯೋದೂ ಬೇಡ. ಅಂಚು, ಚೌಕುಳಿ, ಜರಿ... ಪ್ರತಿ ಫೋಟೋಗೂ ಹಿನ್ನೆಲೆ ಬೇರೆ, ಯಾವ ಟೆಸ್ಟೂ ಕಾಯೋದಿಲ್ಲ. ಕೆಳಗೆ ಗಟ್ಟಿ ಬಣ್ಣದ ಪಟ್ಟಿ ಕೊಡಿ.

ಇನ್ನೊಂದು ನನ್ನ ಸ್ವಂತ ನಿಯಮ, ಡಬ್ಲ್ಯುಸಿಎಜಿಯದ್ದಲ್ಲ. ಸಣ್ಣ ಕನ್ನಡ ಅಕ್ಷರಕ್ಕೆ ನಾನು 4.5 ಒಪ್ಪೋದಿಲ್ಲ, 7 ಕೇಳ್ತೇನೆ. ಆ ಲೆಕ್ಕಕ್ಕೆ ಎರಡು ಬಣ್ಣ ಗೊತ್ತೇ ಹೊರತು ಅಕ್ಷರದ ದಪ್ಪ ಗೊತ್ತಿಲ್ಲ, ಒತ್ತಕ್ಷರ ಗೊತ್ತಿಲ್ಲ. ‘ದ’ಗೂ ‘ಧ’ಗೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಬಾಗಲಕೋಟೆ ನವನಗರದ ನಮ್ಮ ಕಾಕಾ ಒಂದು ಆ್ಯಪ್‌ನ ತೆಳು ಬೂದು ಅಕ್ಷರದಲ್ಲಿ ‘ಸಹಾಯಧನ’ವನ್ನು ‘ಸಹಾಯದನ’ ಅಂತ ಓದಿ, ‘ಎಮ್ಮಿ ಕೊಡ್ತಾರೇನೋ?’ ಅಂತ ಕೇಳಿದ್ದರು. ನಗು ಬಂತು. ಆದರೆ ತಪ್ಪು ಕಾಕಾನದ್ದಲ್ಲ.

ಪ್ರಶ್ನೆ: 4.48 ಬಂದಿದೆ. 4.5 ಅಂತ ಹಿಡೀಬಹುದಾ?

ಉತ್ತರ: ಇಲ್ಲ. ಬಿಳಿ ಮೇಲಿನ ನಿಮ್ಮ ಬೂದು #777777 ತೆಗೆದು, ಒಂಚೂರು ಗಾಢವಾದ #767676 ಹಾಕಿ. 4.54 ಬರುತ್ತದೆ. ಮುಗೀತು.

ಪ್ರಶ್ನೆ: ಒಂದು ಸಾಲಿನ ಸ್ಕ್ರಿಪ್ಟ್ ಹಾಕಿದರೆ ಸೈಟ್ ತಾನೇ ಅಕ್ಸೆಸಿಬಲ್ (ಅಂಗವಿಕಲರಿಗೂ ಬಳಸಲು ಬರುವಂಥದ್ದು) ಆಗುತ್ತದೆ ಅಂತ ಮಾರಲು ಬಂದಿದ್ದರು. ತಗೊಳ್ಳಲಾ?

ಉತ್ತರ: ಸಂತೆಯಲ್ಲಿ ಎಲ್ಲ ರೋಗಕ್ಕೂ ಒಂದೇ ಬೇರು ಮಾರುವವರು ಈಗ ಲ್ಯಾಪ್‌ಟಾಪ್ ಹಿಡಿದು ಬರ್ತಾರೆ. ಇಂಥದ್ದೇ ಭರವಸೆ ಕೊಟ್ಟ ಒಂದು ಕಂಪನಿ 10 ಲಕ್ಷ ಡಾಲರ್ ಕಟ್ಟಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶ ಮಾಡಿತು. ಬಾಗಿಲಲ್ಲೇ ಚಹಾ ಕುಡಿಸಿ ಕಳಿಸಿ.

ಪ್ರಶ್ನೆ: ಡಿಸೇಬಲ್ ಆದ ಬಟನ್‌ಗೆ ವಿನಾಯಿತಿ ಇದೆ ಅಲ್ವಾ?

ಉತ್ತರ: ಇದೆ. ಅದು ಯಾಕೆ ಒತ್ತೋಕಾಗ್ತಿಲ್ಲ ಅಂತ ಪಕ್ಕದಲ್ಲಿ ಬರೆಯುತ್ತೀರಲ್ಲ, ಆ ಸಾಲಿಗೆ ಇಲ್ಲ.

ಪ್ರಶ್ನೆ: ನನ್ನ ಮಾನಿಟರ್‌ನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಇಷ್ಟೆಲ್ಲ ಬೇಕಾ? (ಬೆಳಗಾವಿಯಿಂದ)

ಉತ್ತರ: ಏಪ್ರಿಲ್‌ನಲ್ಲಿ ಒಂದು ದಿನ ವಿಜಯಪುರಕ್ಕೆ ಹೋಗಿ. ಮಧ್ಯಾಹ್ನ ಎರಡಕ್ಕೆ ಬಸ್ ಸ್ಟ್ಯಾಂಡ್ ಹೊರಗೆ ಬಿಸಿಲಲ್ಲಿ ನಿಂತು, ಫೋನಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ನಿಮ್ಮ ಆ್ಯಪ್ ತೆಗೀರಿ. ಆಮೇಲೆ ನನಗೆ ಬರೀರಿ.