ಓದುಗರ ಪ್ರಶ್ನೆ: ಬಾಳಿಕೆ ಬರುವ ವಿಂಡ್‌ಸರ್ಫಿಂಗ್ ಬೋರ್ಡು ಯಾವುದು?

ಪ್ರಶ್ನೆ: ಗೋವಾದಲ್ಲಿ ವಿಂಡ್‌ಸರ್ಫಿಂಗ್‌ನ ಪ್ರಾಥಮಿಕ ತರಬೇತಿ ಮುಗಿಸಿ ಬಂದಿದ್ದೇನೆ. ನನ್ನ ತೂಕ 74 ಕಿಲೋ. ಶಾಂಭವಿ ನದಿಯ ಅಳಿವೆಯ ಒಳಭಾಗದಲ್ಲಿ ಬಿಡುವಿನ ದಿನಗಳಲ್ಲಿ ಅಭ್ಯಾಸ ಮುಂದುವರಿಸಬೇಕೆಂದಿದ್ದೇನೆ. ಒಂದೇ ಬೋರ್ಡು ಕೊಂಡು ಹತ್ತು ವರ್ಷವಾದರೂ ಬಳಸುವ ಆಸೆ. ಮಾರುವವರು ಕಾರ್ಬನ್ ಬೋರ್ಡೇ ಎಲ್ಲಕ್ಕಿಂತ ಗಟ್ಟಿ ಎನ್ನುತ್ತಿದ್ದಾರೆ. ಬೆಲೆ ಹೆಚ್ಚಾದರೂ ಅದನ್ನೇ ಕೊಳ್ಳಲೇ?
– ಓದುಗರೊಬ್ಬರು, ಮೂಲ್ಕಿ

ಉತ್ತರ: ಬೇಡ. ಕಾರ್ಬನ್ ಗಟ್ಟಿ ಎಂಬುದು ಸುಳ್ಳಲ್ಲ, ಆದರೆ ಆ ಗಟ್ಟಿತನ ನಿಮಗೆ ಬೇಕಾದ ಬಗೆಯದಲ್ಲ. ಕಾರ್ಬನ್ ಬಾಗುವುದಿಲ್ಲ, ಬಾಗದಿರುವುದರಿಂದಲೇ ಅದು ಕಲ್ಲಿನ ಮೂಲೆಗೋ ಕಂಬದ ತುದಿಗೋ ಬಡಿದಾಗ ಪೆಟ್ಟನ್ನು ನುಂಗಿಕೊಳ್ಳದೆ ಸೀಳಿಬಿಡುತ್ತದೆ. ಅದರಲ್ಲಿ ಬೋರ್ಡು ಮಾಡುವ ಉದ್ದೇಶ ತೂಕ ಇಳಿಸುವುದು, ಹಾಗಾಗಿ ಹೊದಿಕೆಯನ್ನು ಆದಷ್ಟು ತೆಳುವಾಗಿಯೇ ಹಾಕಿರುತ್ತಾರೆ. ಅರ್ಧ ಕಿಲೋ ಉಳಿದರೂ ಸಾಕು ಎನ್ನುವ ಸ್ಪರ್ಧಿಗಳಿಗೆ ಅದು ಸರಿ. ಕಲಿಯುವವರ ಕೈಯಿಂದ ಹಾಯಿ ದಿನಕ್ಕೆ ಹತ್ತಾರು ಬಾರಿ ಜಾರಿ ಬೀಳುತ್ತದೆ. ಹಾಗೆ ಬೀಳುವ ಮಾಸ್ಟು (ಹಾಯಿಯ ಕಂಬ) ಅಥವಾ ಬೂಮಿನ (ಕೈಯಲ್ಲಿ ಹಿಡಿಯುವ ಅಡ್ಡಕೋಲಿನ) ಮೂತಿ ಎಷ್ಟೋ ಸಲ ಬೋರ್ಡಿನ ಮೂಗಿಗೇ ಬಡಿಯುತ್ತದೆ.

ಇಂದಿನ ಹೆಚ್ಚಿನ ಬೋರ್ಡುಗಳ ಹೊಟ್ಟೆಯಲ್ಲಿರುವುದು ನಾವು ಥರ್ಮೋಕೋಲ್ ಎನ್ನುವ ಹಗುರ ನೊರೆಯೇ. ಅದರ ಮೇಲೆ ಎಪಾಕ್ಸಿ ಅಂಟಿನಲ್ಲಿ ನೆನೆಸಿದ ಗಾಜಿನ ನಾರಿನ ಬಟ್ಟೆ, ಅದರ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಬಿಗಿಯಾದ ಪಿವಿಸಿ ನೊರೆಹಾಳೆ, ಮತ್ತೆ ಗಾಜಿನ ಬಟ್ಟೆ, ಕೊನೆಗೆ ಬಣ್ಣ. ಇದನ್ನು ಸ್ಯಾಂಡ್‌ವಿಚ್ ರಚನೆ ಎನ್ನುತ್ತಾರೆ. ನಡುವಿನ ಹಾಳೆಯ ಬದಲು ತೆಳುವಾದ ಮರದ ಪದರ ಹಾಕಿದ ಬೋರ್ಡುಗಳೂ ಇವೆ, ಅವು ತುಸು ಭಾರ, ತುಸು ಹೆಚ್ಚು ಸಹನೆಯವು. ಬಣ್ಣದ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಚರ್ಮವನ್ನು ಬಿಸಿಮಾಡಿ ಅಚ್ಚಿಗೆ ಎಳೆದು ಹೊದಿಸಿದ ಇನ್ನೊಂದು ಬಗೆ ಇದೆ. ಎಎಸ್‌ಎ ಎಂಬ ಹೆಸರಿನ ಈ ಪ್ಲಾಸ್ಟಿಕ್ಕು ಬಿಸಿಲಿಗೆ ಬೇಗ ಬೆಳ್ಳಗಾಗದು, ಸಣ್ಣಪುಟ್ಟ ಪೆಟ್ಟಿಗೆ ಚಕ್ಕೆ ಏಳದು. ಕಲಿಕೆಯ ಶಾಲೆಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಇದೇ. ನನ್ನ ಸಲಹೆಯೂ ಇದೇ.

ಇವೆಲ್ಲಕ್ಕಿಂತ ಹಳೆಯದು ಪಾಲಿಎಥಿಲೀನ್ ಬೋರ್ಡು. ಕ್ಯಾಲಿಫೋರ್ನಿಯಾದ ಹಾಯ್ಲ್ ಷ್ವೈಟ್ಸರ್ ಮತ್ತು ಜಿಮ್ ಡ್ರೇಕ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಮೇಲೆ ಲೋಕವೆಲ್ಲ ಹರಡಿದ ಹನ್ನೆರಡು ಅಡಿಯ ಮೂಲ ವಿಂಡ್‌ಸರ್ಫರ್‌ನ ಹೊದಿಕೆ ಆ ಪ್ಲಾಸ್ಟಿಕ್ಕಿನದೇ ಆಗಿತ್ತು. ಅದನ್ನು ದಂಡೆಯ ಮೇಲೆ ಎಳೆದಾಡಬಹುದು, ಬೀಳಿಸಬಹುದು, ಮಕ್ಕಳಿಗೆ ಬಿಟ್ಟುಕೊಡಬಹುದು. ಆದರೆ ಬಲು ಭಾರ. ಹೊರುವುದಕ್ಕೆ ಇಬ್ಬರು ಬೇಕಾದ ಬೋರ್ಡು ಮನೆಯಲ್ಲೇ ಉಳಿದುಬಿಡುವ ಸಂಭವ ಹೆಚ್ಚು. ಜಲಕ್ರೀಡೆ ನಡೆಸುವವರಿಗೆ ಅದು ಸೂಕ್ತ; ಒಬ್ಬರೇ ಕಾರಿನ ಮೇಲೇರಿಸಿ ಒಯ್ಯುವವರಿಗೆ ಅಲ್ಲ.

ಗಾತ್ರದ ವಿಷಯಕ್ಕೆ ಬಂದರೆ, ನಿಮ್ಮ ತೂಕದ ಕಿಲೋ ಸಂಖ್ಯೆಗೆ ನೂರು ಕೂಡಿಸಿ ಬರುವ ಲೀಟರಿನಷ್ಟು ಗಾತ್ರವನ್ನು ಸುಮಾರು ಲೆಕ್ಕವಾಗಿ ಇಟ್ಟುಕೊಳ್ಳಿ. ನಿಮ್ಮ ಮಟ್ಟಿಗೆ 170ರಿಂದ 200 ಲೀಟರ್, ಅಗಲ 80 ಸೆಂಟಿಮೀಟರಿಗೆ ಕಡಿಮೆಯಿಲ್ಲದ್ದು, ನಡುವೆ ಮಡಚಿಕೊಳ್ಳುವ ಡ್ಯಾಗರ್‌ಬೋರ್ಡ್, ಅಂದರೆ ಬೋರ್ಡು ಪಕ್ಕಕ್ಕೆ ಜಾರದಂತೆ ತಡೆಯಲು ನೀರಿಗಿಳಿಯುವ ಪಟ್ಟಿ, ಇರುವಂಥದ್ದು. ಇದು ಬಾಳಿಕೆಗೆ ಸಂಬಂಧಿಸಿದ ಮಾತೂ ಹೌದು, ಏಕೆಂದರೆ ಚಿಕ್ಕ ಬೋರ್ಡಿನ ಮೇಲೆ ನಿಲ್ಲಲಾಗದೆ ಬೀಳುವಷ್ಟೂ ಸಲ ಅದರ ಮೂಗಿಗೂ ಮೈಗೂ ಪೆಟ್ಟು ಬೀಳುತ್ತದೆ. ದೊಡ್ಡದು ನಾಳೆ ನಿಮಗೆ ಸಾಲದೆನಿಸಿದರೂ ಗಾಳಿ ಕಡಿಮೆಯಿರುವ ದಿನಗಳಿಗೆ ಮತ್ತು ಮನೆಯ ಇತರರಿಗೆ ಒದಗುತ್ತದೆ.

ನಿಮ್ಮ ಅಳಿವೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನೀರು ಇಳಿದಾಗ ಮರಳ ದಿಬ್ಬ, ಮುರಕಲ್ಲು, ಕಲ್ಲಿಗೆ ಕಚ್ಚಿಕೊಂಡ ಚಿಪ್ಪು ಯಾವುದಾದರೂ ಹಲಗೆಯ ಅಡಿಗೆ ಸಿಗುವ ಜಾಗವದು. ಡ್ಯಾಗರ್‌ಬೋರ್ಡ್ ತಾಗಿದರೆ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಹಿಂಬದಿಯ ಅಡಿಯಲ್ಲಿರುವ ಮೀನಿನ ಈಜುರೆಕ್ಕೆಯಂಥ ಫಿನ್ ಮಡಚಿಕೊಳ್ಳದು. ಆದ್ದರಿಂದ ದುಬಾರಿಯ ಬಿಗಿ ಫಿನ್ನಿನ ಬದಲು ಅಗ್ಗದ, ಮೋಟಾದ, ಹಿಂದಕ್ಕೆ ವಾಲಿದ ಪ್ಲಾಸ್ಟಿಕ್ ಫಿನ್ ಹಾಕಿಕೊಳ್ಳಿ. ಕಲ್ಲಿಗೆ ತಾಗಿದಾಗ ಮುರಿಯಬೇಕಾದದ್ದು ಫಿನ್. ಅದು ಮುರಿಯದೆ ಹೋದರೆ ಅದನ್ನು ಹಿಡಿದಿರುವ ಪೆಟ್ಟಿಗೆ ಬಿರಿಯುತ್ತದೆ, ಅದರ ದುರಸ್ತಿ ಸುಲಭವಲ್ಲ. ಇನ್ನು, ಮೂಗಿಗೆ ಅಂಟಿಸುವ ಮೆತ್ತನೆಯ ಪ್ಯಾಡು ಸಿಗುತ್ತದೆ. ಬೋರ್ಡನ್ನು ನೀರಿಗಿಳಿಸುವ ಮೊದಲೇ ಅದನ್ನು ಅಂಟಿಸಿಬಿಡಿ.

ಪ್ರಶ್ನೆ: ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದೇನೆ. ಎರಡು ವರ್ಷದ ಎಪಾಕ್ಸಿ ಬೋರ್ಡನ್ನು ಬಾಲ್ಕನಿಯಲ್ಲಿ ಚೀಲದೊಳಗೆ ಇಟ್ಟಿದ್ದೆ. ಮೇಲ್ಮೈಯಲ್ಲಿ ಅಂಗೈಯಗಲದ ಉಬ್ಬು ಎದ್ದಿದೆ, ಒತ್ತಿದರೆ ಒಳಗೆ ಹೋಗಿ ಮತ್ತೆ ಏಳುತ್ತದೆ. ಎಲ್ಲಿಯೂ ಪೆಟ್ಟು ಬಿದ್ದಿಲ್ಲ. ಇದು ತಯಾರಿಕೆಯ ದೋಷವೇ? ಮುಂದಿನ ವರ್ಷ ಇದನ್ನು ವಿಮಾನದಲ್ಲಿ ಊರಿಗೆ ತರುವ ಯೋಚನೆಯೂ ಇದೆ.
– ಉಡುಪಿ ಮೂಲದ ಓದುಗರೊಬ್ಬರು

ಉತ್ತರ: ದೋಷವಿರಲಾರದೆಂದು ಹೇಳಲಾರೆ, ಆದರೆ ನೀವು ಬರೆದ ಲಕ್ಷಣಗಳನ್ನು ನೋಡಿದರೆ ಬಿಸಿಯೇ ಕಾರಣವಿರಬೇಕು. ನಮ್ಮಂಥ ಸೆಕೆಯ ನಾಡುಗಳಲ್ಲಿ ಅಲೆಗಿಂತ ಹೆಚ್ಚಾಗಿ ಬೋರ್ಡನ್ನು ಹಾಳು ಮಾಡುವುದು ಬಿಸಿಲು, ಅದೂ ಬೋರ್ಡು ನೀರಿನ ಹೊರಗಿರುವಾಗ. ಹೊಟ್ಟೆಯ ನೊರೆಯಲ್ಲಿ ಗಾಳಿ ತುಂಬಿರುತ್ತದೆ, ಬಿಸಿಯಾದಾಗ ಅದು ಹಿಗ್ಗುತ್ತದೆ. ಅದೇ ಹೊತ್ತಿಗೆ ಪದರಗಳನ್ನು ಹಿಡಿದಿರುವ ಎಪಾಕ್ಸಿಯೂ ಮೆದುವಾಗುತ್ತದೆ. ಒಳಗಿನ ಒತ್ತಡ ಮತ್ತು ಅಂಟಿನ ಸಡಿಲಿಕೆ ಎರಡೂ ಸೇರಿದಾಗ ಪದರ ಬಿಟ್ಟುಕೊಂಡು ಉಬ್ಬು ಏಳುತ್ತದೆ. ಕಡುಬಣ್ಣದ ಚೀಲವೊಂದು ನೇರ ಬಿಸಿಲಿನಲ್ಲಿದ್ದರೆ, ಅಥವಾ ಬೇಸಿಗೆಯಲ್ಲಿ ಕಿಟಕಿ ಮುಚ್ಚಿದ ಕಾರಿನೊಳಗೆ ಬೋರ್ಡು ಮಲಗಿದ್ದರೆ, ಒಳಗಿನ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಏನೂ ಕಷ್ಟವಲ್ಲ.

ಹೆಚ್ಚಿನ ಬೋರ್ಡುಗಳ ಮೇಲ್ಮೈಯಲ್ಲಿ ನಾಣ್ಯಕ್ಕಿಂತ ಚಿಕ್ಕದಾದ ಒಂದು ತಿರುಪು ಇರುತ್ತದೆ, ಅಡಿಯಲ್ಲಿ ರಬ್ಬರ್ ಬಳೆಯೊಂದಿಗೆ. ಗಾಳಿ ಆಡಲೆಂದು ಇಟ್ಟ ದಾರಿ ಅದು. ನೀರಿಗೆ ಇಳಿಯುವಾಗ ಬಿಗಿಯಾಗಿರಬೇಕು. ಬಿಸಿಯಲ್ಲಿ ಇಡುವಾಗ, ಘಾಟಿ ಹತ್ತುವಾಗ, ವಿಮಾನದ ಸರಕಿಗೆ ಹಾಕುವಾಗ ಸಡಿಲವಾಗಿರಬೇಕು. ಎತ್ತರಕ್ಕೆ ಹೋದಂತೆ ಹೊರಗಿನ ಒತ್ತಡ ಇಳಿಯುವುದರಿಂದ ಒಳಗಿನ ಗಾಳಿಗೆ ಹೊರಡಲು ದಾರಿ ಬೇಕು. ಕೆಲವು ಬೋರ್ಡುಗಳಲ್ಲಿ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಪೊರೆಯ ತಿರುಪು ಇರುತ್ತದೆ, ಅದನ್ನು ಮುಟ್ಟಬೇಕಾಗಿಲ್ಲ. ನಿಮ್ಮದು ಯಾವುದೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಸಡಿಲಿಸಿದ ತಿರುಪನ್ನು ಮರೆತು ನೀರಿಗೆ ಇಳಿಯುವವರೂ ಇದ್ದಾರೆ. ಬೋರ್ಡಿನ ಹಿಡಿಕೆಗೆ ಕೆಂಪು ದಾರ ಕಟ್ಟಿಕೊಳ್ಳುವ ಪದ್ಧತಿ ಅದಕ್ಕೆ ಒಳ್ಳೆಯ ಉಪಾಯ.

ಎದ್ದ ಉಬ್ಬನ್ನು ಸಿರಿಂಜಿನಲ್ಲಿ ಎಪಾಕ್ಸಿ ತೂರಿ, ಭಾರ ಹೇರಿ ಅಂಟಿಸುವುದು ಸಾಧ್ಯ. ಅದು ಕಾಲಿಡುವ ಜಾಗದಲ್ಲಿದ್ದರೆ ಮೇಲಿನ ಪದರ ಕತ್ತರಿಸಿ ಹೊಸದಾಗಿ ಹೊದಿಸುವುದೇ ಸರಿ. ಇನ್ನೊಂದು ಬೋರ್ಡು ಕೊಳ್ಳುವುದಾದರೆ ಬಿಳಿ ಅಥವಾ ತಿಳಿಬಣ್ಣದ್ದನ್ನೂ ಬೆಳ್ಳಿಬಣ್ಣದ ಚೀಲವನ್ನೂ ಆರಿಸಿಕೊಳ್ಳಿ.

ಪ್ರಶ್ನೆ: ಪರಿಚಿತರೊಬ್ಬರು ಬಳಸಿದ ಬೋರ್ಡೊಂದನ್ನು ಅರ್ಧ ಬೆಲೆಗೆ ಕೊಡುತ್ತೇನೆನ್ನುತ್ತಾರೆ. ನೋಡಲು ಹೊಸದರಂತಿದೆ. ಪರೀಕ್ಷಿಸುವುದು ಹೇಗೆ?
– ಓದುಗರೊಬ್ಬರು, ಕಾರವಾರ

ಉತ್ತರ: ಮೊದಲು ತೂಗಿ ನೋಡಿ. ಕೆಳಗಿಡುವ ತೂಕದ ಯಂತ್ರದ ಮೇಲೆ ಬೋರ್ಡನ್ನು ತಬ್ಬಿ ನಿಂತು, ನಿಮ್ಮ ತೂಕ ಕಳೆದರೆ ಆಯಿತು. ಫಿನ್ ಮತ್ತು ಪಾದಪಟ್ಟಿ ಬಿಚ್ಚಿಟ್ಟು ತೂಗಬೇಕು, ಕಂಪನಿ ಹೇಳುವ ತೂಕದಲ್ಲಿ ಅವು ಸೇರಿರುವುದಿಲ್ಲ. ತಯಾರಿಕೆಯಲ್ಲೇ ಕೆಲವು ನೂರು ಗ್ರಾಂ ಹೆಚ್ಚುಕಡಿಮೆ ಇರುವುದು ಸಹಜ. ಒಂಬತ್ತು ಕಿಲೋದ ಬೋರ್ಡು ಹನ್ನೊಂದು ತೂಗಿದರೆ ಹೊಟ್ಟೆಯಲ್ಲಿ ನೀರಿದೆ, ಇಲ್ಲವೇ ದುರಸ್ತಿಗಳು ಬಣ್ಣದ ಅಡಿಯಲ್ಲಿ ಅಡಗಿವೆ. ಎರಡರಲ್ಲಿ ಯಾವುದಾದರೂ ಅರ್ಧ ಬೆಲೆಗೆ ಯೋಗ್ಯವಲ್ಲ.

ಆಮೇಲೆ ಕಿವಿಯ ಕೆಲಸ. ನಾಣ್ಯದ ಅಂಚಿನಿಂದ ಮೇಲ್ಮೈಯುದ್ದಕ್ಕೂ ಮೆಲ್ಲಗೆ ತಟ್ಟುತ್ತ ಬನ್ನಿ. ಪದರ ಕೂಡಿಕೊಂಡಿರುವಲ್ಲಿ ಚುರುಕಾದ ಸದ್ದು ಬರುತ್ತದೆ, ಬಿಟ್ಟುಕೊಂಡಿರುವಲ್ಲಿ ಮೊದ್ದಾದ ಸದ್ದು. ಹೆಚ್ಚಾಗಿ ದಣಿಯುವುದು ಹಿಮ್ಮಡಿ ಊರುವ ಜಾಗ ಮತ್ತು ಮಾಸ್ಟಿನ ಬುಡ ಕೂರುವ ಹಳಿಯ ಸುತ್ತಮುತ್ತ. ಅಲ್ಲಿ ಎರಡೂ ಹೆಬ್ಬೆರಳುಗಳಿಂದ ಒತ್ತಿ ನೋಡಿ, ತಗ್ಗಬಾರದು. ಹಳಿಯ ಎರಡು ತುದಿಗಳಲ್ಲಿ ಕೂದಲೆಳೆಯಂಥ ಬಿರುಕುಗಳಿವೆಯೇ ಎಂದು ಉಗುರು ಆಡಿಸಿ ತಿಳಿಯಿರಿ, ಬಣ್ಣದ ಬಿರುಕಾದರೆ ಉಗುರಿಗೆ ಸಿಗದು. ಫಿನ್ ಪೆಟ್ಟಿಗೆಯೊಳಗೆ ಮೊಬೈಲಿನ ಟಾರ್ಚು ಹಾಕಿ ಮೂಲೆಗಳನ್ನು ನೋಡಿ. ಪಾದಪಟ್ಟಿಯ ತಿರುಪುಗಳನ್ನು ಒಮ್ಮೆ ಬಿಗಿ ಮಾಡಿ. ಕೊನೆಯಿಲ್ಲದೆ ತಿರುಗುತ್ತಿದ್ದರೆ ಒಳಗಿನ ಹಿಡಿತ ಕಿತ್ತಿದೆ ಎಂದರ್ಥ. ಕೊನೆಗೆ ಗಾಳಿಯ ತಿರುಪು ಬಿಚ್ಚಿ, ಆ ತೂತು ಕೆಳಗೆ ಬರುವಂತೆ ಬೋರ್ಡನ್ನು ಮಗುಚಿ ಒಂದು ಗಂಟೆ ಬಿಸಿಲು ತಾಗದ ಕಡೆ ಇಡಿ. ನೀರು ತೊಟ್ಟಿಕ್ಕಿದರೆ ವ್ಯವಹಾರ ಅಲ್ಲಿಗೇ ಮುಗಿಯಲಿ.

ಹೊಳೆಯುವ ಬಣ್ಣವನ್ನು ನಂಬಬೇಡಿ. ಗೀರುಗಳಿದ್ದರೂ ಸದ್ದು ಸರಿಯಿರುವ ಬೋರ್ಡು, ಹೊಸ ಬಣ್ಣ ಬಳಿದ ಬೋರ್ಡಿಗಿಂತ ಎಷ್ಟೋ ಮೇಲು.

ಪ್ರಶ್ನೆ: ನಮ್ಮಲ್ಲಿ ಎರಡು ಬೋರ್ಡುಗಳಿವೆ, ಒಂದು ಎಪಾಕ್ಸಿಯದು, ಇನ್ನೊಂದು ಹಳೆಯ ಪಾಲಿಎಥಿಲೀನ್. ಎರಡಕ್ಕೂ ಸಣ್ಣ ತೂತು ಬಿದ್ದಿದೆ. ಇಲ್ಲಿ ಫೈಬರ್ ದೋಣಿ ದುರಸ್ತಿ ಮಾಡುವವರು ಬೇಕಾದಷ್ಟಿದ್ದಾರೆ. ಅವರಿಗೆ ಕೊಡಬಹುದೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಕೈಗೆಲಸ ಬಲ್ಲವರೇ ಸರಿ, ಆದರೆ ರಾಳ ಬೇರೆ ಬೇಕು. ಫೈಬರ್ ದೋಣಿಗಳಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರಾಳ. ಅದರಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ಕರಗಿಸಿಬಿಡುತ್ತದೆ. ಬೆರಳು ತೂರುವಷ್ಟು ತೂತಿಗೆ ಆ ರಾಳ ಸುರಿದರೆ ಒಳಗೆ ಮುಷ್ಟಿಗಾತ್ರದ ಪೊಳ್ಳು ಉಂಟಾಗಿ, ಹೊರಗಿನಿಂದ ತೇಪೆ ಮಾತ್ರ ಅಂದವಾಗಿ ಕಾಣುತ್ತಿರುತ್ತದೆ. ಎಪಾಕ್ಸಿ ರಾಳವನ್ನು ನೀವೇ ಕೊಂಡೊಯ್ದು ಕೊಡಿ, ಅದನ್ನೇ ಬಳಸಬೇಕೆಂದು ಹೇಳಿ, ಎದುರಿಗೆ ನಿಂತು ಮಾಡಿಸಿ. ಅದಕ್ಕೂ ಮೊದಲು ತೂತನ್ನು ಸಿಹಿನೀರಿನಲ್ಲಿ ಒರೆಸಿ, ನೆರಳಿನಲ್ಲಿ ಒಣಗಲು ಬಿಡಬೇಕು. ಇದಕ್ಕೆ ವಾರಗಳೇ ಹಿಡಿದಾವು. ಒದ್ದೆಯ ಮೇಲೆ ಹಾಕಿದ ತೇಪೆ ನಿಲ್ಲುವುದಿಲ್ಲ.

ಪಾಲಿಎಥಿಲೀನಿಗೆ ಎಪಾಕ್ಸಿಯಾಗಲಿ, ಪಾಲಿಯೆಸ್ಟರ್ ಆಗಲಿ, ಅಂಗಡಿಯಲ್ಲಿ ಸಿಗುವ ಯಾವ ಮಾಮೂಲಿ ಅಂಟಾಗಲಿ ಸರಿಯಾಗಿ ಹಿಡಿಯದು. ಅದೇ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಬಿಸಿಗಾಳಿಯಿಂದ ಕರಗಿಸಿ ಬೆಸೆಯಬೇಕು. ಪ್ಲಾಸ್ಟಿಕ್ ನೀರಿನ ಟ್ಯಾಂಕುಗಳನ್ನು ಬೆಸೆಯುವವರ ಬಳಿ ಆ ಸಾಧನ ಇರುತ್ತದೆ. ಎಷ್ಟು ಹೊಡೆದರೂ ಒಡೆಯದ ಬೋರ್ಡು ಒಡೆದಾಗ ಮಾತ್ರ ದುರಸ್ತಿಗೆ ಹಟ ಮಾಡುತ್ತದೆ. ಕೊಳ್ಳುವ ಮುನ್ನ ಇದನ್ನು ಎಣಿಕೆಗೆ ತೆಗೆದುಕೊಳ್ಳಬೇಕು.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ದೊಡ್ಡ ಬೋರ್ಡು ಇಡಲು ಜಾಗವಿಲ್ಲ. ಗಾಳಿ ತುಂಬುವ ಬೋರ್ಡು ಬಾಳಿಕೆ ಬರುತ್ತದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಪೆಟ್ಟಿನ ಮಟ್ಟಿಗೆ ಚೆನ್ನಾಗಿಯೇ ಬರುತ್ತದೆ, ಮಾಸ್ಟು ಬಿದ್ದರೆ ಪುಟಿಯುತ್ತದೆ ಅಷ್ಟೆ. ಅದರ ಶತ್ರುಗಳು ಚಿಪ್ಪಿನ ಅಂಚು, ಒದ್ದೆಯಾಗಿಯೇ ಮಡಚಿಡುವ ಅಭ್ಯಾಸ ಮತ್ತು ಹೊಲಿಗೆಯಂಚಿನ ಅಂಟನ್ನು ಸಡಿಲಿಸುವ ಬಿಸಿಲು. ಗಾಳಿ ತುಂಬಿ ದಂಡೆಯಲ್ಲಿ ಬಿಟ್ಟು ಊಟಕ್ಕೆ ಹೋಗುವುದಾದರೆ ಸ್ವಲ್ಪ ಗಾಳಿ ತೆಗೆದು ಹೋಗಿ. ಬಲವಾದ ಗಾಳಿಯಲ್ಲಿ ಅದು ನಡುವೆ ಬಾಗುವುದರಿಂದ ಮುಂದಿನ ಹಂತದ ಕಲಿಕೆಗೆ ಸಾಲದು. ವರ್ಷಕ್ಕೆ ಕೆಲವೇ ಬಾರಿ ಕರಾವಳಿಗೆ ಬರುವ ನಿಮಗೆ ಸಾಕು.

ಪ್ರಶ್ನೆ: 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಇಬಾದ್ ಅಲಿ ಫಿನ್ ಇರುವ ಆರ್‌ಎಸ್:ಎಕ್ಸ್ ಬೋರ್ಡಿನಲ್ಲಿ ಕಂಚು ಗೆದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಾತ್ರ ನೀರಿನಿಂದ ಮೇಲೆದ್ದು ಹಾರುವ ಫಾಯಿಲ್ ಬೋರ್ಡುಗಳಿದ್ದವು. ನನ್ನ ಹತ್ತು ವರ್ಷದ ಬೋರ್ಡಿಗೆ ಫಿನ್ ತೆಗೆದು ಫಾಯಿಲ್ ಹಾಕಿಕೊಳ್ಳಬಹುದೇ?
– ವಿದ್ಯಾರ್ಥಿಯೊಬ್ಬರು, ಮಂಗಳೂರು

ಉತ್ತರ: ಪೆಟ್ಟಿಗೆಗೆ ಫಾಯಿಲ್ ಕೂತುಕೊಂಡಿತೆಂದ ಮಾತ್ರಕ್ಕೆ ಹಾಕಬಾರದು. ಫಾಯಿಲಿನ ಕಂಬ ಮಾಮೂಲಿ ಫಿನ್ನಿಗಿಂತ ಬಹಳ ಉದ್ದ, ಬೋರ್ಡಿನ ಮತ್ತು ನಿಮ್ಮ ತೂಕವೆಲ್ಲ ಅದರ ತುದಿಯ ರೆಕ್ಕೆಯ ಮೇಲೆ ನಿಲ್ಲುತ್ತದೆ. ಆ ಸನ್ನೆಗೋಲಿನ ಎಳೆತವನ್ನೆಲ್ಲ ಪೆಟ್ಟಿಗೆಯೇ ತಾಳಬೇಕು. ಅದು ಪವರ್ ಬಾಕ್ಸ್ ಎಂಬ ಒಂದೇ ತಿರುಪಿನ ಪೆಟ್ಟಿಗೆಯಾದರೆ ಆಸೆಯನ್ನು ಅಲ್ಲಿಗೇ ಬಿಡಿ. ಡೀಪ್ ಟಟಲ್ ಎಂಬ ಎರಡು ತಿರುಪಿನ ಪೆಟ್ಟಿಗೆಯಿದ್ದರೂ, ಅದನ್ನು ಫಾಯಿಲಿಗೆಂದು ಬಲಪಡಿಸಿದೆ ಎಂದು ತಯಾರಕರು ಬರೆದು ಕೊಟ್ಟಿದ್ದರೆ ಮಾತ್ರ ಮುಂದುವರಿಯಿರಿ. ಹತ್ತು ವರ್ಷ ಹಳೆಯ ಬೋರ್ಡಿನಲ್ಲಿ ಅಂಥ ಬರಹ ಸಿಗುವುದು ಅಪರೂಪ. ತಿರುಪುಗಳನ್ನು ಅತಿಯಾಗಿ ಬಿಗಿಯುವುದೂ ಬೇಡ, ಬುಡಕ್ಕೆ ಸಪುರವಾಗುವ ಆ ಪೆಟ್ಟಿಗೆಯೊಳಗೆ ಫಾಯಿಲಿನ ತಲೆ ಬೆಣೆಯಂತೆ ಇಳಿದು ಗೋಡೆಗಳನ್ನು ಸೀಳುತ್ತದೆ. ಈ ಬೋರ್ಡನ್ನು ಫಿನ್ನಿಗೇ ಇಟ್ಟುಕೊಂಡು, ಫಾಯಿಲಿಗೆಂದೇ ಮಾಡಿದ ಬಳಸಿದ ಬೋರ್ಡೊಂದನ್ನು ಹುಡುಕಿ. ಪರೀಕ್ಷಿಸುವ ಕ್ರಮವನ್ನು ಕಾರವಾರದ ಓದುಗರಿಗೆ ಬರೆದ ಉತ್ತರದಲ್ಲಿ ಕೊಟ್ಟಿದ್ದೇನೆ.