ಬೋರರ್ ಬಿದ್ದ ಸೌದೆ ತೋಟ ದಾಟಬಾರದು

ತೋಟದ ಅಂಚಿನಲ್ಲಿ ಕಾಫಿ ಬೊಡ್ಡೆಗಳನ್ನು ರಾಶಿ ಹಾಕಿ ಸುಡುತ್ತಿದ್ದುದನ್ನು ನೋಡಿ, ಇಷ್ಟು ಒಳ್ಳೆ ಸೌದೆಯನ್ನು ಯಾರಿಗಾದರೂ ಕೊಡಬಾರದಿತ್ತಾ ಎಂದು ಕೇಳಿದಿರಿ. ಕೊಡಗಿಗೆ ಹೊಸದಾಗಿ ಬಂದವರು ಹೀಗೆ ಕೇಳುವುದು ಸಹಜ. ಕಾಫಿ ಸೌದೆ ನಿಜಕ್ಕೂ ಒಳ್ಳೆಯದು. ಗಟ್ಟಿ, ನಿಧಾನವಾಗಿ ಉರಿಯುತ್ತದೆ, ಕೆಂಡ ಜಾಸ್ತಿ ಹೊತ್ತು ನಿಲ್ಲುತ್ತದೆ. ಬಚ್ಚಲ ಒಲೆಗೆ ಇದಕ್ಕಿಂತ ಬೇರೆ ಬೇಡ. ಆದರೆ ನೀವು ನೋಡಿದ್ದು ಬೋರರ್ ಬಿದ್ದ ಗಿಡಗಳು. ಅವನ್ನು ಹೊರಗೆ ಕೊಡುವ ಹಾಗಿಲ್ಲ.

ಬೋರರ್ ಎಂದು ನಾವು ಕರೆಯುವುದು ಬಿಳಿ ಕಾಂಡಕೊರಕ ಎಂಬ ದುಂಬಿಯನ್ನು. ಕಪ್ಪು ಮೈ, ಅದರ ಮೇಲೆ ಬಿಳಿ ಪಟ್ಟೆ, ಉದ್ದ ಒಂದರಿಂದ ಎರಡು ಸೆಂಟಿಮೀಟರ್. ಅರೇಬಿಕಾ ಜಾತಿಯ ಕಾಫಿ ಗಿಡದ ತೊಗಟೆಯ ಬಿರುಕಿನಲ್ಲಿ ಈ ದುಂಬಿ ಮೊಟ್ಟೆ ಇಡುತ್ತದೆ. ಮರಿಹುಳು ಮೊದಲು ತೊಗಟೆಯ ಕೆಳಗೆ ತಿನ್ನುತ್ತದೆ, ಆಮೇಲೆ ಕಾಂಡದ ಒಳಕ್ಕೆ ಇಳಿಯುತ್ತದೆ. ಮತ್ತೆ ತಿಂಗಳುಗಟ್ಟಲೆ ಅಲ್ಲೇ ವಾಸ. ಎಲೆ ಹಳದಿಯಾಗುತ್ತದೆ, ಗಿಡ ಬಾಡುತ್ತದೆ. ಎಳೆ ಗಿಡವಾದರೆ ಒಂದೇ ವರ್ಷದಲ್ಲಿ ಸತ್ತೇ ಹೋಗಬಹುದು.

ಇಂಥ ಬೊಡ್ಡೆಯನ್ನು ಕೈಗೆತ್ತಿಕೊಂಡರೆ ಮೊದಲು ಏನೂ ಗೊತ್ತಾಗುವುದಿಲ್ಲ. ಹುಳು ತಿಂದ ಮರದಿಂದ ಪುಡಿ ಉದುರುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ? ಇದರಿಂದ ಉದುರುವುದಿಲ್ಲ. ತಿಂದ ಪುಡಿಯನ್ನೆಲ್ಲ ಹುಳು ತನ್ನ ಹಿಂದೆಯೇ ಸುರಂಗದೊಳಗೆ ಒತ್ತಿ ತುಂಬಿಬಿಡುತ್ತದೆ. ತೊಗಟೆಯ ಮೇಲೆ ಕೈಯಾಡಿಸಿದರೆ ಸಣ್ಣ ಏರುಗಳು ಸಿಗುತ್ತವೆ, ಅಷ್ಟೇ. ಕೊಡಲಿಯಿಂದ ಸೀಳಿದಾಗಲೇ ಅಂಕುಡೊಂಕು ದಾರಿ, ಅದರಲ್ಲಿ ಬಿಗಿಯಾಗಿ ಕೂತ ಪುಡಿ, ತುದಿಯಲ್ಲಿ ಮಾಸಲು ಬಿಳಿ ಹುಳು ಕಾಣಿಸುವುದು. ಕಾಂಡದ ಮೇಲೆ ದುಂಡನೆ ತೂತು ಕಂಡರೆ ಹೊತ್ತು ಮೀರಿದೆ, ದುಂಬಿ ಆಗಲೇ ಹಾರಿಹೋಗಿದೆ.

ಈಗ ಕಾಲದ ಲೆಕ್ಕ ನೋಡಿ. ದುಂಬಿ ಹೊರಬಂದು ಹಾರುವುದು ವರ್ಷಕ್ಕೆ ಎರಡು ಸಲ. ಏಪ್ರಿಲ್-ಮೇ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಅದಕ್ಕೇ ಮಾರ್ಚ್‌ ಮತ್ತು ಸೆಪ್ಟೆಂಬರ್‌ ಹೊತ್ತಿಗೆ ಪ್ರತಿ ಗಿಡವನ್ನೂ ನೋಡಿ, ಬೋರರ್ ಇದ್ದದ್ದನ್ನು ಬೇರುಸಹಿತ ಕಿತ್ತು ಸುಡಬೇಕೆಂದು ಕಾಫಿ ಮಂಡಳಿ ಹೇಳುತ್ತಲೇ ಬಂದಿದೆ. ಇನ್ನೊಂದು ಕಡೆ, ಇಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಮಳೆಗಾಲದ ಸೌದೆಯನ್ನು ಏಪ್ರಿಲ್-ಮೇ ಒಳಗೇ ಕಡಿದು, ಸಾಗಿಸಿ, ಕೊಟ್ಟಿಗೆಯಲ್ಲಿ ಜೋಡಿಸಿಡಬೇಕು. ಅಂದರೆ ಸೌದೆ ಪಿಕಪ್ ಹತ್ತುವ ಹೊತ್ತೂ ದುಂಬಿ ಹೊರಬರುವ ಹೊತ್ತೂ ಒಂದೇ. ಕಿತ್ತ ಗಿಡ ಒಣಗಿದ ಮಾತ್ರಕ್ಕೆ ಒಳಗಿನ ಹುಳು ಸಾಯುವುದಿಲ್ಲ. ಬೆಳೆದು ದುಂಬಿಯಾಗಿ ಸೌದೆ ರಾಶಿಯಿಂದಲೇ ಹೊರಗೆ ಬರುತ್ತದೆ. ಆ ರಾಶಿ ಆಗ ಯಾರ ತೋಟದ ಪಕ್ಕದಲ್ಲಿದೆಯೋ, ಮುಂದಿನ ಪಾಡು ಅವರದು.

ನಮ್ಮದು ಗಡಿ ಜಿಲ್ಲೆ. ಕುಟ್ಟ ದಾಟಿದರೆ ವಯನಾಡು, ಮಾಕುಟ್ಟ ಇಳಿದರೆ ಕಣ್ಣೂರು, ಕರಿಕೆ ಆಚೆ ಕಾಸರಗೋಡು. ಮರ, ಕಾಳುಮೆಣಸು, ಶುಂಠಿ, ಕೆಲಸದವರು ಎಲ್ಲವೂ ಈ ದಾರಿಗಳಲ್ಲೇ ಓಡಾಡುವುದು. ಅರಣ್ಯ ಚೆಕ್‌ಪೋಸ್ಟ್ ಇದ್ದೇ ಇದೆಯಲ್ಲ ಎನ್ನಬಹುದು. ಅಲ್ಲಿ ನೋಡುವುದು ಮರ ಯಾವುದು, ಪಾಸ್ ಇದೆಯಾ, ಕಳ್ಳಸಾಗಣೆಯಾ ಎಂದು. ಅದೂ ಬೇಕಾದ ಕೆಲಸವೇ. ಆದರೆ ಲೋಡಿನೊಳಗಿನ ಹುಳುವನ್ನು ಆ ಕಾಗದ ಹಿಡಿಯುವುದಿಲ್ಲ. ತಡೆಯುವುದಾದರೆ ಗಿಡ ಕಿತ್ತ ಜಾಗದಲ್ಲೇ ತಡೆಯಬೇಕು. ನನ್ನ ಗಟ್ಟಿ ಅಭಿಪ್ರಾಯ ಇದು.

ಗಡಿ ದಾಟಿ ಬಂದ ಹುಳುವಿನ ಪೆಟ್ಟು ನಮಗೆ ಹೊಸದೇನಲ್ಲ. ಕಾಫಿ ಕಾಯಿಯನ್ನು ಕೊರೆಯುವ, ಆಫ್ರಿಕಾ ಮೂಲದ ಕಾಯಿಕೊರಕ ಎಂಬ ಹುಳು 1990ರಲ್ಲಿ ನೀಲಗಿರಿಯ ಗೂಡಲೂರು ಕಡೆ ಮೊದಲು ಕಾಣಿಸಿತು. ಕೆಲವೇ ವರ್ಷಗಳಲ್ಲಿ ವಯನಾಡಿಗೂ ಕೊಡಗಿಗೂ ಬಂತು. ಅದು ಕೂತು ಬರುವುದು ಸೌದೆಯಲ್ಲಲ್ಲ, ಕಾಫಿಯಲ್ಲಿ, ಕಾಫಿ ತುಂಬಿದ ಗೋಣಿಚೀಲದಲ್ಲಿ. ಆದರೆ ಪಾಠ ಒಂದೇ. ಹುಳು ತಾನಾಗಿ ಹಾರುವ ದೂರ ಸ್ವಲ್ಪ, ನಾವು ಹೊತ್ತೊಯ್ಯುವ ದೂರ ಜಾಸ್ತಿ. ಅಮೆರಿಕದಲ್ಲೂ ಹೀಗೇ ಆಯಿತು. ಏಷ್ಯಾದಿಂದ ಹೋದ ಒಂದು ಹಸಿರು ದುಂಬಿ 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾಯಿತು. ಆಮೇಲೆ ಆ್ಯಶ್ ಎಂಬ ಜಾತಿಯ ಕೋಟಿಗಟ್ಟಲೆ ಮರಗಳು ಸತ್ತವು. ದುಂಬಿ ಊರಿಂದೂರಿಗೆ ಹೋಗಲು ಜನ ಕಾರಿನಲ್ಲಿ ಒಯ್ದ ಸೌದೆಯೂ ಒಂದು ದಾರಿಯಾಯಿತು. ಸೌದೆಯನ್ನು ಎಲ್ಲಿ ಕೊಳ್ಳುತ್ತೀರೋ ಅಲ್ಲೇ ಉರಿಸಿ ಎಂದು ಅಲ್ಲಿ ಈಗಲೂ ಹೇಳುತ್ತಾರೆ.

ಹಾಗಂತ ಎಲ್ಲವನ್ನೂ ಸುಟ್ಟೇ ಬಿಡಬೇಕು ಅಂತಿಲ್ಲ. ಸೌದೆ ಉಳಿಸಿಕೊಳ್ಳಬೇಕೆಂದರೆ ಕಿತ್ತ ಬೊಡ್ಡೆಗಳನ್ನು ವಾರ, ಹತ್ತು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿಡಬೇಕು. ಮೇಲೆ ಕಲ್ಲು ಹೇರಬೇಕು, ಇಲ್ಲದಿದ್ದರೆ ತೇಲುತ್ತವೆ. ಆಗ ಒಳಗಿನ ಹುಳು ಸಾಯುತ್ತದೆ. ಕೆರೆಯೋ ತೊಟ್ಟಿಯೋ ಇದ್ದವರಿಗೆ ಇದು ಸುಲಭ. ಆದರೆ ಮಾರ್ಚ್‌ನಲ್ಲಿ ನಮ್ಮಲ್ಲಿ ಎಷ್ಟೋ ಕಡೆ ನೀರೇ ಕಡಿಮೆ. ಅದಕ್ಕೇ ಬೆಂಕಿ.

ಇಲ್ಲೊಂದು ಮಾತು ಹೇಳಲೇಬೇಕು. ಲೈನ್‌ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಯಲ್ಲಿರುವ ಅಕ್ಕಂದಿರು ಸಂಜೆ ಕೆಲಸ ಮುಗಿಸಿ ಹೋಗುವಾಗ ಒಂದು ಹೊರೆ ಸೌದೆ ಹೊತ್ತು ಹೋಗುತ್ತಾರೆ. ಸಿಲಿಂಡರ್ ಇದ್ದರೂ ನೀರು ಕಾಯಿಸಲು ಸೌದೆಯೇ ಬೇಕು. ಅವರಿಗೆ ಸುಮ್ನೆ 'ಇದನ್ನು ಮುಟ್ಟಬೇಡಿ' ಎಂದರೆ ಕೇಳುವುದು ಹೇಗೆ? ಮರದ ಕೊಂಬೆ ಸವರಿ ಕಪಾತು ಮಾಡಿದಾಗ ಬಿದ್ದ ಸಿಲ್ವರ್ ಓಕ್ ಕೊಂಬೆಗಳನ್ನು ತುಂಡು ಮಾಡಿ ಲೈನಿನ ಹತ್ತಿರ ತಂದು ಹಾಕಿಸಿದರೆ ಬೋರರ್ ಬೊಡ್ಡೆಗೆ ಅವರು ಕೈ ಹಾಕುವುದಿಲ್ಲ. ಆ ಖರ್ಚನ್ನು ತೋಟದವರೇ ಹೊರಬೇಕು. ನಿರ್ಬಂಧ ಹಾಕುವವರು ಬದಲಿಗೆ ಏನಾದರೂ ಕೊಡದೇ ಇದ್ದರೆ ಅದು ನಡೆಯುವುದಿಲ್ಲ.

'ನಮ್ಮದು ಕಾಫಿಯ ಇನ್ನೊಂದು ಜಾತಿ ರೋಬಸ್ಟಾ, ನಮಗೇನು' ಎನ್ನುವವರೂ ಇದ್ದಾರೆ. ಬಿಳಿ ಕಾಂಡಕೊರಕ ಮುಖ್ಯವಾಗಿ ಅರೇಬಿಕಾದ ಶತ್ರು, ನಿಜ. ಆದರೆ ನಿಮ್ಮ ಮನೆಗೆ ಬರುವ ಸೌದೆ ಗಾಡಿ ದಾರಿಯಲ್ಲಿ ಎಷ್ಟು ಅರೇಬಿಕಾ ತೋಟ ದಾಟುತ್ತದೆ ಎಂದು ಒಮ್ಮೆ ನೋಡಿ. ರೋಬಸ್ಟಾಕ್ಕೂ ರೆಂಬೆ ಕೊರೆಯುವ ಬೇರೆ ಹುಳು ಇದೆ. ಆ ರೆಂಬೆಗಳನ್ನೂ ಕತ್ತರಿಸಿ ಸುಡಬೇಕಾದದ್ದೇ.

ಮುಂದಿನ ಸಲ ಹೋಮ್‌ಸ್ಟೇಗೆ ಬರುವಾಗ ಕ್ಯಾಂಪ್‌ಫೈರ್‌ಗೆ ಎಂದು ಊರಿಂದ ಸೌದೆ ತರಬೇಡಿ, ಇಲ್ಲೇ ಕೇಳಿ, ಕೊಡುತ್ತಾರೆ. ಉಳಿದದ್ದನ್ನು ಕಾರಿನಲ್ಲಿ ಹಾಕಿಕೊಂಡು ಹೋಗಬೇಡಿ. ಟೀಪಾಯಿಗೆ ಚೆನ್ನಾಗಿರುತ್ತದೆ ಎಂದು ರಸ್ತೆ ಬದಿಯ ಹಸಿ ಕಾಫಿ ಬೊಡ್ಡೆಯನ್ನೂ ಎತ್ತಿಕೊಳ್ಳಬೇಡಿ. ಬೇಕೇ ಬೇಕಾದರೆ ತೊಗಟೆ ಪೂರ್ತಿ ತೆಗೆದು ಚೆನ್ನಾಗಿ ಹದ ಮಾಡಿ ಪಾಲಿಶ್ ಮಾಡಿದ್ದನ್ನೇ ಕೊಳ್ಳಿ. ಹೊರಗೆ ತೂತು ಕಾಣದಿದ್ದರೂ ಹುಳು ಕಾಂಡದ ಒಳಗೆ ಇರಬಹುದು, ಹಾಗಾಗಿ ಚೆನ್ನಾಗಿ ಹದ ಮಾಡಿದ್ದು ಹೌದೇ ಎಂದು ಕೇಳಿಯೇ ದುಡ್ಡು ಕೊಡಿ.